ಊರಿನ ನಕ್ಷೆಯೂ ಊರವರ ಮಾತೂ



ಊರೊಂದು ಬೆಳೆಯುವುದೆಂದರೆ ಮನೆಗಳ ಸಂಖ್ಯೆ ಹೆಚ್ಚುವುದೊಂದೇ ಅಲ್ಲ. ಯಾವ ನೆಲವು ಯಾವ ಕೆಲಸಕ್ಕೆ ಸಲ್ಲಬೇಕೆಂಬ ತೀರ್ಮಾನವೂ ಅದರೊಡನೆ ನಡೆಯುತ್ತಿರುತ್ತದೆ. ಇಲ್ಲಿ ವಾಸದ ಮನೆ, ಅಲ್ಲಿ ಅಂಗಡಿ, ಆಚೆಗೆ ಕಾರ್ಖಾನೆ, ಅದರಾಚೆಗೆ ಹೊಲಗದ್ದೆ ಎಂದು ಹಂಚುವ ಈ ಕಾರ್ಯಕ್ಕೆ ಭೂ ಉಪಯೋಗದ ಯೋಜನೆಯೆಂದು ಹೆಸರು. ಈ ಹಂಚಿಕೆಯಲ್ಲಿ ಆ ನೆಲದ ಮೇಲೆ ಬಾಳುವವರ ಮಾತಿಗೆ ಎಷ್ಟು ಸ್ಥಾನವಿದೆ, ಎಷ್ಟಿರಬೇಕು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಬೀದರ ನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಕೆಂಪು ಜಂಬಿಟ್ಟಿಗೆಯ ಈ ಪ್ರಸ್ಥಭೂಮಿಯ ಮೇಲೆ ನೀರು ದುರ್ಲಭ. ಆದುದರಿಂದ ಪಾರಸಿಕ ದೇಶದ ಪದ್ಧತಿಯನ್ನನುಸರಿಸಿ ನೆಲದೊಳಗೆ ಸುರಂಗಗಳನ್ನು ತೋಡಿದರು. ಕರೇಜ್ ಎಂದೂ ಸುರಂಗಬಾವಿಯೆಂದೂ ಜನರು ಕರೆಯುವುದು ಇವನ್ನೇ. ಎತ್ತರದ ನೆಲದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಇಳಿಜಾರಾಗಿ ಹರಿಯುವ ಕಾಲುವೆ. ಗಾಳಿಗೂ ಹೂಳು ತೆಗೆಯುವುದಕ್ಕೂ ನಡುನಡುವೆ ನೆಟ್ಟನೆಯ ಬಾವಿಗಳು. ನೌಬಾದಿನ ಕರೇಜಿನಲ್ಲಿ ಇಂತಹ ಬಾವಿಗಳು ಸಾಲಾಗಿ ಕಾಣಿಸುತ್ತವೆ. ಇದರ ನೀರು ಯಂತ್ರದ ನೆರವಿಲ್ಲದೆ ತನ್ನ ಭಾರದಿಂದಲೇ ಹರಿಯತಕ್ಕದ್ದು. ಆದರೆ ಒಂದು ಬಾವಿಯ ಬಾಯಿಗೆ ಕಟ್ಟಡದ ಕಸ ಸುರಿದರೆ ಕೆಳಗಿನ ದಾರಿ ಕಟ್ಟುತ್ತದೆ; ಮೇಲಿನ ಬಯಲನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಮಳೆಯ ನೀರು ಒಳಕ್ಕಿಳಿಯದು.

ಈಗ ಯೋಜನೆಯ ನಕ್ಷೆಯನ್ನು ನೆನೆಯಿರಿ. ವಾಸದ ನೆಲಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಎಂದು ಬಣ್ಣ ತುಂಬುವುದು ವಾಡಿಕೆ. ನೆಲದಡಿಯ ನೀರಿನ ದಾರಿಗೆ ಮಾತ್ರ ಇಂಥ ಬಣ್ಣವಿಲ್ಲ. ಅದು ಎಲ್ಲಿ ಹಾದುಹೋಗುತ್ತದೆ, ಯಾವ ಬಾವಿ ಯಾರ ಹೊಲದಲ್ಲಿ ಮುಚ್ಚಿಹೋಯಿತು, ದೊಡ್ಡ ಮಳೆಗೆ ನೀರು ಎತ್ತ ನುಗ್ಗುತ್ತದೆ ಎಂಬುದನ್ನು ಬಲ್ಲವರು ಆ ಕೇರಿಯ ಹಿರಿಯರು, ಬಾವಿಗೆ ಹೋಗುತ್ತಿದ್ದ ಹೆಂಗಸರು, ಅಲ್ಲಿ ದನ ಮೇಯಿಸಿದವರು. ಇವರನ್ನು ಕೇಳದೆ ಬರೆದ ನಕ್ಷೆಯು ಎಷ್ಟು ಅಂದವಾಗಿದ್ದರೂ ಅಪೂರ್ಣವೇ ಸರಿ.

ಕಾನೂನು ಜನರನ್ನು ಪೂರ್ತಿಯಾಗಿ ಮರೆತಿದೆಯೆಂದು ಹೇಳುವುದು ನ್ಯಾಯವಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು, ತಾತ್ಕಾಲಿಕವಾಗಿ ಒಪ್ಪಿಗೆಯಾದ ಮಹಾಯೋಜನೆಯನ್ನು ಪ್ರಕಟಿಸಿ ಅರುವತ್ತು ದಿನಗಳೊಳಗೆ ಸಾರ್ವಜನಿಕರ ಅಭಿಪ್ರಾಯವನ್ನು ಕರೆಯಬೇಕೆಂದು ವಿಧಿಸಿದೆ. ಮುಂದೆ ಒಂದು ತುಂಡು ನೆಲದ ಉಪಯೋಗವನ್ನು ಬದಲಾಯಿಸುವಾಗಲೂ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆದರೆ ಈ ಅರುವತ್ತು ದಿನಗಳು ಬರುವುದು ನಕ್ಷೆ ಸಿದ್ಧವಾದ ಬಳಿಕ. ಅಡಿಗೆಯೆಲ್ಲ ಮುಗಿದ ಮೇಲೆ ಉಪ್ಪಿನ ವಿಷಯ ಕೇಳಿದಂತೆ ಅದು. ಅಷ್ಟೇ ಅಲ್ಲ, ಪ್ರಕಟಣೆಯನ್ನು ಮೊದಲು ಹುಡುಕಿ ಓದುವವನು ನಿವೇಶನಗಳ ವ್ಯಾಪಾರಿ. ಬಾಡಿಗೆ ಮನೆಯ ಕೂಲಿಕಾರನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಪಟ್ಟಣದಿಂದ ಹಳ್ಳಿಗೆ ಬರೋಣ. ಬೀದರ ತಾಲ್ಲೂಕಿನ ಮನ್ನಳ್ಳಿಯಂತಹ ಊರಿನಲ್ಲಿ ಗ್ರಾಮಸಭೆಯಿದೆ. 1993ರ ಪಂಚಾಯತಿ ಕಾಯಿದೆಯು ಅದಕ್ಕೆ ಆಧಾರ. ಮತದಾರರೆಲ್ಲರೂ ಅದರ ಸದಸ್ಯರು. ಆದರೆ ಬೇಸಾಯದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸುವ ವಿಚಾರವು 1964ರ ಭೂಕಂದಾಯ ಕಾಯಿದೆಯಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತದೆ. ತೊಗರಿ ಬೆಳೆಯುವ ಹೊಲದ ಪಕ್ಕದಲ್ಲಿ ಬಡಾವಣೆಯೆದ್ದು ಹಳ್ಳದ ದಾರಿ ಮುಚ್ಚಿದರೆ ಅದರ ಫಲವನ್ನು ಉಣ್ಣುವವನು ಕೆಳಗಿನ ಹೊಲದ ರೈತ. ಸಂವಿಧಾನದ 74ನೆಯ ತಿದ್ದುಪಡಿಯು ಪಂಚಾಯತಿ, ಪುರಸಭೆಗಳ ಯೋಜನೆಗಳನ್ನು ಒಂದುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿ, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಮೆಯಿಲ್ಲದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳಿಂದಲೇ ಆರಿಸಿ ಬರಬೇಕೆಂದಿತು. ನೀರು ಮೊದಲಾದ ಸಂಪತ್ತಿನ ಹಂಚಿಕೆಯನ್ನೂ ಅದು ಗಮನಿಸಬೇಕು. ಯೋಜನೆಯು ಕೆಳಗಿನಿಂದ ಮೇಲಕ್ಕೆ ಬರಬೇಕೆಂಬುದೇ ಇದರ ಅಭಿಪ್ರಾಯ.

ಜನರನ್ನು ಕೇಳಹೊರಟರೆ ಕೆಲಸ ಸಾಗದು, ಬಲವಿದ್ದವನ ದನಿಯೇ ಜನದನಿಯಾದೀತು ಎಂದು ಕೆಲವರು ಆಕ್ಷೇಪಿಸುವರು. ಇದರಲ್ಲಿ ಸತ್ಯಾಂಶವುಂಟು. ಸಭೆಯಲ್ಲಿ ಹತ್ತು ಎಕರೆಯವನು ಮಾತನಾಡುವಷ್ಟು ಧೈರ್ಯವಾಗಿ ನೆಲವೇ ಇಲ್ಲದವನು ಮಾತನಾಡಲಾರನು. ಆದರೆ ಸಭೆಯನ್ನೇ ಕರೆಯದಿದ್ದರೆ ಆ ಬಲವಂತನು ಕಚೇರಿಯ ಬಾಗಿಲಿಗೆ ಒಬ್ಬನೇ ಹೋಗುತ್ತಾನೆ. ಕೇರಿಕೇರಿಗೂ ಹೋಗಿ ಕೇಳುವುದೇ ಇದಕ್ಕೆ ಪರಿಹಾರ, ಕೇಳದಿರುವುದಲ್ಲ.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸರು ಇಂದೂರು ಸಂಸ್ಥಾನದಲ್ಲಿ ನಗರರಚನೆಯ ಕೆಲಸಕ್ಕೆ ಬಂದಾಗ ಅಲ್ಲಿ ಪ್ಲೇಗಿನ ಭಯವಿತ್ತು. ದೀಪಾವಳಿಯ ಮೆರವಣಿಗೆಯು ಚೊಕ್ಕಟವಾಗಿಟ್ಟ ಬೀದಿಗಳಲ್ಲೇ ಸಾಗುವುದೆಂದು ಅವರು ಸಾರಿಸಲು, ಜನರು ತಾವಾಗಿಯೇ ಮನೆ ಬೀದಿಗಳನ್ನು ಗುಡಿಸಿ ದುರಸ್ತಿ ಮಾಡಿಕೊಂಡರಂತೆ. ನೆಲವನ್ನು ಅಳೆಯುವ ಮುನ್ನ ಅಲ್ಲಿನ ಬಾಳನ್ನು ನೋಡಬೇಕೆಂಬುದು ಅವರ ಮತವಾಗಿತ್ತು.

ಹಾಗಾದರೆ ಮಾಡಬೇಕಾದುದೇನು? ಬಣ್ಣ ತುಂಬುವ ಮೊದಲೇ ವಾರ್ಡು ವಾರ್ಡಿಗೂ, ಗ್ರಾಮಸಭೆಗೂ ನಕ್ಷೆಯನ್ನು ತರಬೇಕು. ಅದು ಕನ್ನಡದಲ್ಲಿರಬೇಕು, ಗುಡಿ, ಮಸೀದಿ, ಶಾಲೆ, ಬಾವಿಗಳ ಗುರುತಿದ್ದು ಸಾಮಾನ್ಯರು ಓದುವಂತಿರಬೇಕು. ಜನ ಹೇಳಿದುದನ್ನು ಬರೆದಿಟ್ಟು, ಒಪ್ಪದಿದ್ದಲ್ಲಿ ಏಕೆ ಒಪ್ಪಲಿಲ್ಲವೆಂಬುದನ್ನು ಲಿಖಿತವಾಗಿ ತಿಳಿಸಬೇಕು. ಇವಕ್ಕೆ ತಗಲುವ ವೆಚ್ಚವು, ಮುಚ್ಚಿಹೋದ ನೀರಿನ ದಾರಿಯನ್ನು ಮತ್ತೆ ತೋಡುವ ವೆಚ್ಚದ ಮುಂದೆ ಅಲ್ಪವೇ.

ವಿದ್ಯಾವಂತರಾದ ತಮ್ಮ ಪಾಲಿಗೂ ಒಂದು ಕರ್ತವ್ಯವಿದೆ. ಮಹಾಯೋಜನೆಯ ಪ್ರಕಟಣೆ ಬಂದಾಗ ಅದನ್ನು ನೋಡಲು ಹೋಗಿರಿ. ತಮ್ಮ ನಿವೇಶನದ ಬಣ್ಣವನ್ನಷ್ಟೇ ನೋಡಿ ಹಿಂದಿರುಗದೆ, ಹಳ್ಳವೂ ಕೆರೆಯೂ ಸುರಂಗಬಾವಿಯೂ ಅದರಲ್ಲಿ ಉಳಿದಿವೆಯೇ ಎಂದು ಹುಡುಕಿರಿ. ಹೋಗುವಾಗ ಓದು ಬಾರದ ನೆರೆಯವನೊಬ್ಬನನ್ನು ಜತೆಗೆ ಕರೆದೊಯ್ದು, ಅವನು ಹೇಳುವುದನ್ನು ಅರ್ಜಿಯಾಗಿ ಬರೆದುಕೊಡಿರಿ.