ಗಣಿಯ ಬಾವಿ ಮತ್ತು ನದಿಯ ಪಾಲು



ಈ ವಿಚಾರಸಂಕಿರಣವನ್ನು ರಾಜಧಾನಿಯ ಸಭಾಂಗಣಕ್ಕೆ ಬಿಡದೆ, ಕಣ್ವಾ ನದಿಯ ಸೀಮೆಗೆ ಸೇರಿದ ಬೈರಾಪಟ್ಟಣದಲ್ಲಿಯೇ ಏರ್ಪಡಿಸಿದ ಮಹನೀಯರಿಗೆ ನಾನು ಕೃತಜ್ಞನಾಗಿದ್ದೇನೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯ ನಾಮವನ್ನೇ ಧರಿಸಿದ ಗ್ರಾನೈಟನ್ನು ಕುರಿತು ಬಿ. ಪಿ. ರಾಧಾಕೃಷ್ಣರು 1956ರಲ್ಲಿ ಪ್ರಕಟಿಸಿದ ಗ್ರಂಥವನ್ನು ಈ ಸಭೆ ಬಲ್ಲದು. ತಿಪ್ಪಗೊಂಡನಹಳ್ಳಿಗೆ ಬರುತ್ತಿದ್ದ ಅರ್ಕಾವತಿಯ ಹರಿವು ಕುಗ್ಗಿದ್ದಕ್ಕೆ ಮಳೆಯ ಕೊರತೆಗಿಂತ ಅಂತರ್ಜಲದ ಶೋಷಣೆ, ನೀಲಗಿರಿ ತೋಪುಗಳೇ ಹೆಚ್ಚು ಸಂಭಾವ್ಯ ಕಾರಣಗಳೆಂದು 2015ರಲ್ಲಿ ಪ್ರತಿಪಾದಿಸಿದ ಏಟ್ರೀ ಸಂಸ್ಥೆಯ ಸಂಶೋಧಕರ ಶ್ರಮವನ್ನೂ ಬಲ್ಲದು. ಆದುದರಿಂದ ಬಹುಕಾಲದಿಂದ ನನ್ನನ್ನು ಬಿಡದಿರುವ ಒಂದು ಪ್ರಶ್ನೆಗೇ ನೇರವಾಗಿ ಬರುತ್ತೇನೆ.

ನದೀತೀರದ ಕಲ್ಲುಗಣಿಗೆ ಕೊಳವೆಬಾವಿ ಕೊರೆಯುವಾಗ ನಮ್ಮ ವರದಿಗಳು, ಮಳೆಯಿಂದ ಇಂಗುವುದು ಇಷ್ಟು, ಗಣಿ ಎತ್ತುವುದು ಇಷ್ಟು, ಆದುದರಿಂದ ಭಯವಿಲ್ಲ ಎನ್ನುತ್ತವೆ. ನಮ್ಮ ಶಾಸ್ತ್ರವು ದಾರಿ ತಪ್ಪಿದುದು ಇಲ್ಲಿಯೇ. ಬಾವಿ ಬರುವುದಕ್ಕೆ ಮುನ್ನ ಆ ನೀರು ನಿರರ್ಥಕವಾಗಿ ನಿಂತಿರಲಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ನದಿಯನ್ನು ಹರಿಸುತ್ತಿದ್ದುದು ಅದೇ. ಎತ್ತಿದ ನೀರು ಭೂಗರ್ಭದ ಸಂಗ್ರಹದಿಂದಲೋ ಹೆಚ್ಚಿದ ಮರುಪೂರಣದಿಂದಲೋ ಕುಗ್ಗಿದ ಹೊರಹರಿವಿನಿಂದಲೋ ಬರಬೇಕಲ್ಲದೆ ನಾಲ್ಕನೆಯ ಮೂಲವಿಲ್ಲವೆಂಬ ತತ್ತ್ವವನ್ನು ಅಮೆರಿಕದ ಸಿ. ವಿ. ಥೈಸ್ 1940ರಲ್ಲಿಯೇ ನಿರೂಪಿಸಿದ್ದರು. ನಾವಾದರೋ, 2015ರ ಕೇಂದ್ರ ಅಂದಾಜು ಪದ್ಧತಿಯಂತೆ, ಮೂಲಹರಿವನ್ನು ಅಳೆಯದ ಕಡೆ ಸಹಜ ಹೊರಹರಿವಿಗೆಂದು ಮರುಪೂರಣದ ಶೇಕಡಾ 5 ಅಥವಾ 10ನ್ನು ತೆಗೆದಿರಿಸಿ, ಉಳಿದುದರಲ್ಲಿ ಶೇಕಡಾ 70ರ ವರೆಗೆ ಎತ್ತಿದರೂ ಆ ಪ್ರದೇಶವನ್ನು ‘ಸುರಕ್ಷಿತ’ವೆಂದು ಗಣಿಸುತ್ತೇವೆ.

ಕನಕಪುರದ ಕಡೆಯ ರೇಷ್ಮೆ ಬೆಳೆಗಾರರಾದ ವೃದ್ಧರೊಬ್ಬರು ಒಮ್ಮೆ ನನ್ನನ್ನು ಅರ್ಕಾವತಿಯ ಮರಳಿಗೆ ಕರೆದೊಯ್ದು, ತಮ್ಮ ತೋಟದ ಬಾವಿ ಬತ್ತುವುದಕ್ಕೆ ಹಲವು ಬೇಸಿಗೆ ಮುಂಚೆಯೇ ಇಲ್ಲಿಯ ವರತೆ ನಿಂತುಹೋಗಿತ್ತೆಂದು ಹೇಳಿದರು. ಬಾವಿಯ ಮಟ್ಟವನ್ನಷ್ಟೇ ಅಳೆಯುವವರಿಗೆ ಕಾಣದ ನಷ್ಟವು ಅವರ ಕಣ್ಣಿಗೆ ಬಿದ್ದಿತ್ತು.

ಇನ್ನು ಆ ಪ್ರಶ್ನೆ. ಏಕರೂಪವಾದ ಮರಳಿನ ಪದರದಲ್ಲಿ ಬಾವಿಯ ಪ್ರಭಾವವು ನದಿಯನ್ನು ಮುಟ್ಟುವ ಕಾಲ ದೂರದ ವರ್ಗಕ್ಕೆ ಅನುಗುಣ; ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿ. ನಮ್ಮ ಗ್ರಾನೈಟಿನಲ್ಲಾದರೆ ನೀರು ಸಂಚರಿಸುವುದು ಶಿಥಿಲ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಬಿರುಕು ನದಿಯ ಕಡೆಗೆ ತೆರೆದಿದ್ದರೆ ದೂರದ ಬಾವಿಯೂ ಬೇಗ ಮುಟ್ಟೀತು, ಡೊಲೆರೈಟ್ ಡೈಕ್ ಅಡ್ಡವಿದ್ದರೆ ಹತ್ತಿರದ್ದೂ ತಡವಾದೀತು. ಗಣಿ ಮುಚ್ಚಿ ಪಂಪು ನಿಂತ ಮೇಲೆಯೂ ಬರಿದಾದ ಸಂಗ್ರಹ ತುಂಬುವ ತನಕ ನದಿಗೆ ಸಲ್ಲಬೇಕಾದ ನೀರು ಸಲ್ಲದು. ಎಷ್ಟು ವರ್ಷ? ಗುತ್ತಿಗೆದಾರನು ಹೊರಟುಹೋದ ಮೇಲಿನ ಆ ವರ್ಷಗಳ ನಷ್ಟ ಯಾರ ಲೆಕ್ಕಕ್ಕೆ?

ಐದು ಹೆಕ್ಟೇರಿಗಿಂತ ಕಿರಿದಾದ ಉಪಖನಿಜ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ವಿಧಿಸಿತು. ಆ ಅನುಮತಿಗೆ ಮುನ್ನವೇ ಬೇಸಿಗೆಯ ನದೀಹರಿವನ್ನು ಅಳೆಯತಕ್ಕದ್ದು, ಗಣಿ ಮುಚ್ಚಿದ ಮೇಲೆಯೂ ಅಳತೆಯನ್ನು ನಿಲ್ಲಿಸತಕ್ಕದ್ದಲ್ಲ ಎಂಬ ನಿರ್ಣಯವನ್ನು ಈ ಸಂಕಿರಣ ಅಂಗೀಕರಿಸಬೇಕೆಂದು ಪ್ರಾರ್ಥಿಸಿ, ಗೋಷ್ಠಿಗಳನ್ನು ನಿಮಗೆ ಒಪ್ಪಿಸುತ್ತೇನೆ.