ಪಟ್ಟಣಕ್ಕೆ ಬದು ಹಾಕುವವರು ಯಾರು?

(ಬಿಡದಿ ಕಡೆಯ ರೈತರ ಸಭೆಯೊಂದರಲ್ಲಿ ಆಡಿದ ಮಾತು)



ನಾನು ಚಿಕ್ಕವನಿದ್ದಾಗ ಇಲಾಖೆಯವರು ನಮ್ಮ ಹೊಲಕ್ಕೆ ಬದು ಹಾಕಿಸಿದರು. ಒಳ್ಳೇ ಕೆಲಸವೇ, ಮಣ್ಣು ನಿಂತಿತು, ನೀರು ಇಂಗಿತು. ಆದರೆ ಖರ್ಚು ಸಾಲವಾಗಿ ಅಪ್ಪನ ಹೆಸರಿಗೆ ಕೂತಿತು. ಕಂದಾಯದ ಜೊತೆ ಕಂತು ಕಟ್ಟಿ ಅವರು ಅದನ್ನು ತೀರಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಆದ್ದರಿಂದ ಕೇಳುತ್ತೇನೆ: ಬೆಂಗಳೂರು ಪಟ್ಟಣಕ್ಕೆ ಬದು ಹಾಕುವವರು ಯಾರು? ಹಾಕದೆ ಬಿಟ್ಟದ್ದರ ದಂಡವನ್ನು ಯಾರು ಕಟ್ಟುತ್ತಿದ್ದಾರೆ?

ಬೈರಮಂಗಲ ಕೆರೆ ಏರಿಯ ಮೇಲೆ ಒಂದು ಸಲ ನಿಂತು ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಹೇಳುವ ವೃಷಭಾವತಿ ಈ ಕೆರೆಗೆ ಬರುತ್ತಾಳೆ. ಇಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಬರುವಾಗ ಕಪ್ಪು ನೀರು, ನೊರೆ, ಮೂಗು ಬಿಡಲಾರದ ನಾತ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿಗೆ ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಬಂದವು. ಸೊಪ್ಪು ತರಕಾರಿ ಹೊತ್ತುಕೊಂಡು ಹೋದರೆ "ಯಾವ ನೀರಿಂದಯ್ಯಾ ಇದು?" ಅಂತ ಕೇಳಿ ಬೆಲೆ ಇಳಿಸುವವನೂ ಅದೇ ಪಟ್ಟಣದವನು! ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ ಎತ್ತಿಸಿಕೊಂಡು ಕುಡಿದು, ಕೊಳೆ ಮಾಡಿ ನಮ್ಮ ಗದ್ದೆಗೆ ಬಿಟ್ಟವರೂ ಅವರೇ ಅಲ್ವೆ?

ಇದರಲ್ಲಿ ಎರಡು ನೀರಿದೆ, ಬೆರೆಸಿ ಮಾತಾಡಬಾರದು. ಒಂದು, ಮನೆ ಮತ್ತು ಕಾರ್ಖಾನೆಗಳ ಕೊಳಚೆ. ಅದನ್ನು ಕೊಳವೆಯಲ್ಲಿ ಹಿಡಿದು ಶುದ್ಧಿ ಮಾಡಲೇಬೇಕು. ಗಿಡ ನೆಟ್ಟು ಅದನ್ನು ತಿಳಿ ಮಾಡುತ್ತೇವೆ ಅಂದರೆ ನಂಬಬೇಡಿ, ಗಿಡವೇ ಕೊಳೆತು ಹೋದೀತು.

ಇನ್ನೊಂದು ಮಳೆ ನೀರು. ಲೆಕ್ಕ ಹಾಕಿ ನೋಡಿ. 30x40 ಸೈಟಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್. ಒಂದು ಎಕರೆಗೆ ಒಂದು ಲಕ್ಷ ಲೀಟರಿಗೂ ಮೇಲೆ. ಮಣ್ಣಾಗಿದ್ದರೆ ಬಹುಪಾಲು ಕುಡಿಯುತ್ತಿತ್ತು. ಟಾರು, ಕಾಂಕ್ರೀಟು ಕುಡಿಯುತ್ತವೆಯೆ? ಎಣ್ಣೆ, ಟೈರಿನ ಪುಡಿ, ಪ್ಲಾಸ್ಟಿಕ್ಕು, ಎಲ್ಲ ತೊಳೆದುಕೊಂಡು ರಾಜಕಾಲುವೆಗೆ ಇಳಿಯುತ್ತದೆ. ಕಾಲುವೆಗೂ ಕಾಂಕ್ರೀಟು ಗೋಡೆ ಕಟ್ಟಿದ್ದಾರೆ, ನೀರಿನ ಓಟ ಹೆಚ್ಚಿತು. ಅಲ್ಲಿ ಬಿದ್ದಿರುವ ಕೊಳಚೆಯನ್ನೆಲ್ಲ ಬಾಚಿಕೊಂಡು ಒಂದೇ ಉಸಿರಿಗೆ ನಮ್ಮ ಮೇಲೆ ಬೀಳುತ್ತದೆ.

ಇದಕ್ಕೆ ಮದ್ದು ಹೊಸದೇನಲ್ಲ. ರಸ್ತೆ ಪಕ್ಕದಲ್ಲಿ, ಕಚೇರಿ ಅಂಗಳದಲ್ಲಿ ತಗ್ಗು ಮಾಡಿ, ಮರಳು ಮಣ್ಣು ಹಾಕಿ, ಗಿಡ ನೆಟ್ಟು ಮಳೆನೀರನ್ನು ಅಲ್ಲಿಗೆ ತಿರುಗಿಸುವುದು. ಮೊದಲ ಮಳೆಯ ಕೊಳೆ ಮಣ್ಣಲ್ಲೇ ನಿಲ್ಲುತ್ತದೆ, ನೀರು ಇಂಗುತ್ತದೆ, ಮಿಕ್ಕಿದ್ದು ನಿಧಾನವಾಗಿ ಹೋಗುತ್ತದೆ. ಎಂಜಿನಿಯರುಗಳು ಇದಕ್ಕೆ ಉದ್ದನೆಯ ಹೆಸರಿಟ್ಟಿದ್ದಾರೆ. ನನ್ನ ಕಣ್ಣಿಗೆ ಇದು ಬದು ಮತ್ತು ಕುಂಟೆ. ಬೆಂಗಳೂರಿನಲ್ಲೇ ಜಕ್ಕೂರು ಕೆರೆ ಇದೆ. ಅಲ್ಲಿ ಘಟಕದಲ್ಲಿ ಶುದ್ಧಿ ಮಾಡಿದ ಕೊಳಚೆ ನೀರನ್ನೂ ನೇರ ಕೆರೆಗೆ ಬಿಡದೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಬಿಡುತ್ತಾರೆ. ಮಾಡಬಹುದು ಅನ್ನುವುದಕ್ಕೆ ಇದು ಸಾಲದೆ?

ಇನ್ನು ದುಡ್ಡಿನ ಮಾತು. ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದ ಬಹುಭಾಗದಲ್ಲಿ ಕೊಳಚೆಗೂ ಮಳೆಗೂ ಒಂದೇ ಕೊಳವೆ. ಜೋರು ಮಳೆ ಬಂದರೆ ಎರಡೂ ಉಕ್ಕಿ ಡೆಲವೇರ್ ಹೊಳೆಗೆ ಬೀಳುತ್ತವೆ. ಅಲ್ಲಿ 2011ರಲ್ಲಿ 25 ವರ್ಷದ ಯೋಜನೆ ಹಾಕಿದರು. ಒಂದು ಎಕರೆ ಗಟ್ಟಿ ನೆಲದ ಮೇಲೆ ಬೀಳುವ ಮೊದಲ ಒಂದು ಇಂಚು ಮಳೆಯನ್ನು ಹಿಡಿದರೆ ಒಂದು ಲೆಕ್ಕ, ಹೀಗೆ ಎಕರೆಗಳನ್ನು ಎಣಿಸುತ್ತಾರೆ. ಅದಕ್ಕೂ ಹಿಂದಿನ ವರ್ಷ, 2010ರಿಂದಲೇ, ಅಂಗಡಿ ಕಾರ್ಖಾನೆಗಳಿಗೆ ಮಳೆನೀರಿನ ಶುಲ್ಕವನ್ನು ಎಷ್ಟು ನೆಲ ಮುಚ್ಚಿದ್ದೀರಿ ಅನ್ನುವುದರ ಮೇಲೆ ಹಾಕತೊಡಗಿದರು. ನೀರು ಇಂಗಿಸಿದವನಿಗೆ ಶುಲ್ಕದಲ್ಲಿ ಕಡಿತ. ನೆಲ ಮುಚ್ಚಿದವನು ಕಟ್ಟಲಿ. ನ್ಯಾಯ ಅಲ್ಲವೆ?

ನಮ್ಮಲ್ಲೂ 2009ರಲ್ಲಿ ಬೆಂಗಳೂರಿಗೆ ಮಳೆಕೊಯ್ಲು ಕಡ್ಡಾಯ ಮಾಡಿದ ಕಾನೂನು ಬಂತು. ಕಾನೂನು ಪಟ್ಟಣದ ಮನೆಯದು. ಗದ್ದೆಯಲ್ಲಿ ನಿಂತ ಕಪ್ಪು ನೀರಿನ ಲೆಕ್ಕ ಅದರಲ್ಲಿ ಬರುವುದಿಲ್ಲ.

ಆ ಲೆಕ್ಕವನ್ನು ನಾವೇ ಬರೆಯೋಣ. ಬೈರಮಂಗಲ ಅಚ್ಚುಕಟ್ಟಿನವರು ಯಾವ ವರ್ಷ ಭತ್ತ ಬಿಟ್ಟಿರಿ, ಎಷ್ಟು ಎಕರೆ, ಬೋರು ಕೊರೆಸಲು ಎಷ್ಟು ಸಾಲ ಮಾಡಿದಿರಿ, ದನದ ಔಷಧಿಗೆ ಎಷ್ಟು ಹೋಯಿತು, ಒಂದು ಹಾಳೆಯಲ್ಲಿ ಬರೆದು ರುಜು ಹಾಕಿ ಕೊಡಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಿ. ಮಳೆಗಾಲಕ್ಕೆ ಮುಂಚೆ ಕಟ್ಟು ಕಟ್ಟಿ ಬೆಂಗಳೂರಿಗೆ ನಾವೇ ಒಯ್ಯೋಣ.