ಓದಿ ಮುಗಿದ ಮೇಲೆ ಕಾಗದ



ಕಾಗದವನ್ನು ನಾವು ಬರೆಯಲು ಬಳಸುತ್ತೇವೆ, ಓದಲು ಬಳಸುತ್ತೇವೆ, ಪೊಟ್ಟಣ ಕಟ್ಟಲು ಬಳಸುತ್ತೇವೆ. ಈ ಕೆಲಸಗಳು ಮುಗಿದರೆ ಅದು ರದ್ದಿ. ಪರೀಕ್ಷೆ ಮುಗಿದ ಮಾರನೆಯ ದಿನ ನಿಮ್ಮ ನೋಟುಪುಸ್ತಕಗಳ ಗತಿ ಏನಾಗುತ್ತದೆಂಬುದು ನಿಮಗೇ ಗೊತ್ತು. ತೂಕಕ್ಕೆ ಹೋಗುತ್ತವೆ, ಇಲ್ಲವೇ ಬಚ್ಚಲೊಲೆಗೆ ಹೋಗುತ್ತವೆ. ಅಕ್ಷರದ ಕೆಲಸ ಮುಗಿದ ಮೇಲೂ ಕಾಗದಕ್ಕೆ ಇನ್ನೊಂದು ಬಾಳು ಉಂಟು. ಆ ಬಾಳಿನಲ್ಲಿ ಅದು ತೆಳುವಾದ ಹಾಳೆಯಾಗಿ ಉಳಿಯುವುದಿಲ್ಲ. ಹಲಗೆಯಷ್ಟು, ಮಡಕೆಯಷ್ಟು ಗಟ್ಟಿಯಾಗುತ್ತದೆ. ಈ ಸಂಗತಿಯನ್ನು ನಮ್ಮ ಮೈಸೂರು ಸೀಮೆಯವರು ಹಿಂದಿನಿಂದಲೂ ಬಲ್ಲರು.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ನೇರವಾಗಿ ಹರಿಯುತ್ತದೆ. ಈಗ ಅಡ್ಡಕ್ಕೆ ಹರಿಯಿರಿ. ಎಷ್ಟು ಎಚ್ಚರವಹಿಸಿದರೂ ಅಂಕುಡೊಂಕಾಗಿ ಹೋಗುತ್ತದೆ. ಕಾಗದವೆಂದರೆ ಸಸ್ಯದ ನಾರುಗಳು ಒಂದರ ಮೇಲೊಂದು ಬಿದ್ದು ಹಿಡಿದುಕೊಂಡ ಪದರ. ಯಂತ್ರದಲ್ಲಿ ತಯಾರಾಗುವಾಗ ಅದು ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ಈ ನಾರಿನಲ್ಲಿರುವುದು ಸೆಲ್ಯುಲೋಸ್. ನೀರು ಸೋಕಿದರೆ ನಾರುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಒಣಗಿದರೆ ಮತ್ತೆ ಬಿಗಿಯುತ್ತದೆ. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರ ಓದುವವರು ಇಲ್ಲಿ ಹೈಡ್ರೋಜನ್ ಬಂಧವನ್ನು ನೆನಪು ಮಾಡಿಕೊಳ್ಳಬಹುದು. ಕಾಗದದ ಕರಕುಶಲವೆಲ್ಲ ನಿಂತಿರುವುದು ಈ ಬಿಡುವ ಮತ್ತು ಹಿಡಿಯುವ ಗುಣದ ಮೇಲೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ ಎಂದೊಡನೆ ನಿಮಗೆ ನೆನಪಾಗುವುದು ಕಬಿನಿ ಅಣೆಕಟ್ಟು. 1974ರಲ್ಲಿ ಮುಗಿದ ಈ ಕಟ್ಟೆಯ ಗರಿಷ್ಠ ಮಟ್ಟ 2,284 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. ಅಣೆಕಟ್ಟಿನ ಮಾತು ಆಮೇಲೆ ಬರುತ್ತದೆ. ಸದ್ಯಕ್ಕೆ ಆ ಸೀಮೆಯ ಅಡುಗೆಮನೆಗೆ ಬನ್ನಿ, ಗೋಡೆಗೆ ತೂಗುಹಾಕಿದ ಮೊರವನ್ನು ನೋಡಿ.

ಮೇದರು ಹೆಣೆದ ಬಿದಿರಿನ ಹೊಸ ಮೊರವನ್ನು ತಂದ ದಿನವೇ ಬಳಸಿದರೆ ಹೆಣಿಗೆಯ ಸಂದಿನಲ್ಲಿ ರಾಗಿಹಿಟ್ಟು ಸೋರುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ. ಅದಕ್ಕೇ ಹಳೆಯ ಕಾಗದವನ್ನು ಚೂರು ಮಾಡಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ಮೆಂತ್ಯವನ್ನು ಬೇರೆಯಾಗಿ ನೆನೆಸುತ್ತಿದ್ದರು. ಎರಡನ್ನೂ ಒರಳಿಗೆ ಹಾಕಿ ಬೆಣ್ಣೆಯಂತೆ ರುಬ್ಬಿ, ಮೊರದ ಎರಡೂ ಮೈಗೆ ತೆಳ್ಳಗೆ ಮೆತ್ತಿ ಬಿಸಿಲಿಗೆ ಇಡುತ್ತಿದ್ದರು. ಒಣಗಿದ ಮೇಲೆ ಹಿಟ್ಟು ಸೋರುವುದಿಲ್ಲ, ಮೊರ ಬೇಗ ಮುರಿಯುವುದಿಲ್ಲ. ಮೆಂತ್ಯದ ಕಹಿಗೆ ಹುಳು ಹತ್ತುವುದಿಲ್ಲವೆಂದು ಹಿರಿಯರ ನಂಬಿಕೆ. ಮೆಂತ್ಯದ ಲೋಳೆ ಒಳ್ಳೆಯ ಅಂಟು ಎಂಬುದಂತೂ ನಂಬಿಕೆಯ ಮಾತಲ್ಲ. ಇದೇ ಮುದ್ದೆಯನ್ನು ಮಗುಚಿಟ್ಟ ಮಡಕೆಯ ಮೇಲೆ ಬಟ್ಟೆ ಹಾಸಿ ಬಡಿದು, ಒಣಗಿದ ಮೇಲೆ ಬಿಡಿಸಿ ತೆಗೆದರೆ ಬೇಳೆಕಾಳು ತುಂಬಿಡುವ ಬುಟ್ಟಿಯೂ ಆಯಿತು. ಇದನ್ನು ಯಾರೂ ಕಲೆ ಎಂದು ಕರೆಯಲಿಲ್ಲ. ಮಾಡಿದವರು ಹೆಂಗಸರು, ಮಾಡಿದ ಜಾಗ ಹಿತ್ತಲು. ಬಹುಶಃ ಅದೇ ಕಾರಣ.

ಹಿತ್ತಲಿನಿಂದ ಅರಮನೆಗೆ ಹೋಗೋಣ. ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನು ನೀವು ಜಗನ್ಮೋಹನ ಅರಮನೆಯಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ನೋಡಿರಬಹುದು. ನೋಡಿದವರ ಕಣ್ಣು ಚಿನ್ನದ ಮೇಲೆ ನಿಲ್ಲುತ್ತದೆ. ಆದರೆ ಆ ಚಿನ್ನದ ಕೆಳಗೆ ಏನಿದೆ? ಅನೇಕ ಸಲ ರದ್ದಿ ಕಾಗದವೇ! ಹಳೆಯ ಕಾಗದಗಳನ್ನು ಮೈದಾ ಸರಿಯಿಂದ ಒಂದರ ಮೇಲೊಂದು ಅಂಟಿಸಿ, ಬಿಸಿಲಿಗೆ ಒಣಗಿಸಿ, ನುಣುಪಾದ ಬೆಣಚುಕಲ್ಲಿನಿಂದ ಉಜ್ಜಿ ಚಿತ್ರಗಾರರು ಹಲಗೆ ಮಾಡಿಕೊಳ್ಳುತ್ತಿದ್ದರು. ಹುಣಸೆಕಡ್ಡಿಯ ಇದ್ದಿಲಿನಿಂದ ರೇಖೆ ಬರೆಯುವುದು, ಒಡವೆ ಮತ್ತು ಪ್ರಭಾವಳಿಗಳಿಗೆ ಸಫೇದ, ಹಳದಿ ಮರದಂಟು ಬೆರೆಸಿದ ಲೇಪದಿಂದ ತೆಳುವಾದ ಉಬ್ಬು ಕೊಡುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು, ಎಲ್ಲ ಆಮೇಲೆ. ಕೊನೆಗೆ ಚಿತ್ರದ ಮೇಲೆ ತೆಳು ಕಾಗದ ಹಾಸಿ ಕಲ್ಲಿನಿಂದ ಮೆಲ್ಲಗೆ ಉಜ್ಜಿ ಹೊಳಪು ತರುತ್ತಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ದೂರದಿಂದಲೇ ಕಾಣುತ್ತದೆ. ಮೈಸೂರಿನದನ್ನು ಹತ್ತಿರ ಹೋಗಿ ನೋಡಬೇಕು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ತಳದ ಕಾಗದ ಕನ್ನಡಿಯಂತೆ ನುಣುಪಾಗಿರದಿದ್ದರೆ ಅಷ್ಟು ನಯವಾದ ಕೆಲಸ ಅದರ ಮೇಲೆ ನಿಲ್ಲುತ್ತಿರಲಿಲ್ಲ.

ಇದೇ ಅಂಟಿಸಿದ ಕಾಗದವನ್ನು ದುಂಡಗೆ ಕತ್ತರಿಸಿದರೆ ಗಂಜೀಫಾ ಎಲೆ. ಗಂಜೀಫಾ ಎಂದರೆ ನಮ್ಮ ಹಳೆಯ ಇಸ್ಪೀಟು. ಶ್ರೀಮಂತರಿಗೆ ದಂತದ ಎಲೆಗಳು, ಆಮೆಚಿಪ್ಪಿನ ಎಲೆಗಳು; ಉಳಿದವರಿಗೆ ಗಂಜಿ ಹಾಕಿದ ಬಟ್ಟೆ ಅಥವಾ ಪದರ ಕಾಗದ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇಷ್ಟು ಸಾಲಲಿಲ್ಲ. ಅವರು ಹೊಸ ಆಟಗಳನ್ನೇ ಕಲ್ಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರವಿದೆ. ಚಾಮುಂಡೇಶ್ವರಿ ಛದ್ ಎಂಬ ಒಂದು ಆಟಕ್ಕೇ 320 ಎಲೆಗಳು! ಅಂಗೈಯಷ್ಟು ಜಾಗದಲ್ಲಿ ದೇವತೆ, ವಾಹನ, ಆಯುಧ ಎಲ್ಲವನ್ನೂ ಬಿಡಿಸಬೇಕು. ಮರೆಯಾಗುತ್ತಿದ್ದ ಈ ಕಲೆಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ತುಂಬಿದವರು ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು.

ಹೊರಗಿನ ಒಂದು ಉದಾಹರಣೆಯನ್ನೂ ಹೇಳಬೇಕು. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಕಾಗದವನ್ನು ರುಬ್ಬಲಿಲ್ಲ, ಸುತ್ತಿದರು. 1995ರಲ್ಲಿ ಕೋಬೆ ನಗರದಲ್ಲಿ ಭೂಕಂಪವಾದಾಗ ದಪ್ಪ ಕಾಗದದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಅವನ್ನೇ ಗೋಡೆಯಾಗಿಸಿ ನಿರಾಶ್ರಿತರಿಗೆ ಮನೆ ಕಟ್ಟಿದರು. 2001ರ ಗುಜರಾತ್ ಭೂಕಂಪದ ನಂತರ ಭುಜ್‌ನಲ್ಲಿಯೂ ಅಂಥ ಮನೆ ಎದ್ದಿತು. 2014ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಿತು. ನಂಬಿಕೆ ಬಾರದಿದ್ದರೆ ಒಂದು ಹಾಳೆಯನ್ನು ಸುರುಳಿ ಸುತ್ತಿ, ದಾರ ಕಟ್ಟಿ, ನೆಟ್ಟಗೆ ನಿಲ್ಲಿಸಿ ಅದರ ಮೇಲೆ ನಿಮ್ಮ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಇಡುತ್ತ ಹೋಗಿ.

ಇನ್ನು ಸ್ವಲ್ಪ ಕಹಿಯಾದ ಮಾತು. ಕಾಗದದ ನಾರು ಎಲ್ಲಿಂದ ಬರುತ್ತದೆ? ಕರ್ನಾಟಕದ ಕಾರ್ಖಾನೆಗಳಿಗೆ ಬಹುಕಾಲ ಅದು ಬಂದದ್ದು ಬಿದಿರಿನಿಂದ. ಮೊರವೂ ಬಿದಿರು, ಮೊರಕ್ಕೆ ಮೆತ್ತುವ ಕಾಗದವೂ ಬಿದಿರು! 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ನಮ್ಮ ರಾಜ್ಯದ ಬಿದಿರನ್ನು ಕುರಿತು ಅಧ್ಯಯನ ನಡೆಸಿದರು. ಉತ್ತರ ಕನ್ನಡದ ಕಾಗದ ಕಾರ್ಖಾನೆಗೆ ಮೊದಮೊದಲು ಬಿದಿರು ದೊರೆತದ್ದು ಟನ್ನಿಗೆ ಕೇವಲ 1 ರೂಪಾಯಿ 50 ಪೈಸೆಗೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದಕ್ಕೇ ಸಾವಿರಕ್ಕೂ ಮೀರಿ ತೆರುತ್ತಿದ್ದರು. ಅಗ್ಗಕ್ಕೆ ಸಿಕ್ಕಿದ್ದನ್ನು ಯಾರು ಕಾಯುತ್ತಾರೆ? ಕಾಡು ಬರಿದಾಗುತ್ತ ಹೋಯಿತು, ಮೇದರ ಕೈ ಕಟ್ಟಿತು. ಕಬಿನಿಯ ಹಿನ್ನೀರಿನ ಸುತ್ತಲ ಕಾಡಿನಲ್ಲಿರುವಂಥ ಹೆಬ್ಬಿದಿರು ಸುಮಾರು 40–50 ವರ್ಷಕ್ಕೊಮ್ಮೆ ಹೂಬಿಟ್ಟು ಸಾಯುತ್ತದೆ. ಆನೆಗೆ ಅದೇ ಮೇವು. ನೀವು ಒಲೆಗೆ ಹಾಕುವ ನೋಟುಪುಸ್ತಕದಲ್ಲಿ ಇದರ ಲೆಕ್ಕವೂ ಸೇರಿದೆ. ಇನ್ನು ಮೊರದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಮೆಂತ್ಯ-ಕಾಗದದ ಹದ ತಿಳಿದ ಅಜ್ಜಿಯರೂ ಹಳ್ಳಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಅಣೆಕಟ್ಟಿನ ಮಾದರಿ ಇಲ್ಲದಿರುವುದು ಅಪರೂಪ. ಎಲ್ಲವೂ ಥರ್ಮೋಕೋಲ್, ಮಾರನೆಯ ದಿನ ಅದರ ಬಿಳಿ ಕಾಳು ಅಂಗಳದ ತುಂಬ ಹಾರಾಡುತ್ತಿರುತ್ತದೆ. ಮುಂದಿನ ಸಲ ಬೀಚನಹಳ್ಳಿಯ ಕಟ್ಟೆಯನ್ನು ಕಾಗದದಲ್ಲಿ ಮಾಡಿ. ನೋಟುಪುಸ್ತಕದ ಪಿನ್ನು, ನುಣುಪು ರಟ್ಟು ತೆಗೆದುಹಾಕಿ. ಹಾಳೆಗಳನ್ನು ಚೂರು ಮಾಡಿ ಎರಡು ದಿನ ನೆನೆಸಿ ಹಿಂಡಿ. ಒಂದು ಸಣ್ಣ ಬೋಗುಣಿ ಮುದ್ದೆಗೆ ರಾತ್ರಿಯಿಡೀ ನೆನೆದ ಒಂದು ಹಿಡಿ ಮೆಂತ್ಯ ಸೇರಿಸಿ ನುಣ್ಣಗೆ ರುಬ್ಬಿ. ರಟ್ಟಿನಲ್ಲಿ ಕಟ್ಟೆಯ ಒಡಲು ಕಟ್ಟಿಕೊಂಡು ಮುದ್ದೆಯನ್ನು ತೆಳ್ಳಗೆ ಮೆತ್ತಿ, ಒಣಗಲು ಬಿಟ್ಟು, ಮತ್ತೆ ಮೆತ್ತಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ತೂಬಿನ ಬಾಗಿಲುಗಳಿಗೆ ನಾಲ್ಕೈದು ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಅಂಟಿಸಿ, ಭಾರದ ಕೆಳಗೆ ಒಣಗಿಸಿ. ಹಿನ್ನೀರು ತೋರಿಸಲು ನಿಜವಾದ ನೀರನ್ನೇ ನಿಲ್ಲಿಸುವ ಆಸೆಯಿದ್ದರೆ ಒಳಮೈಗೆ ಎರಡು ಸಲ ಎನಾಮಲ್ ಬಣ್ಣ ಬಳಿದು, ಅದು ಪೂರ್ತಿ ಒಣಗಿದ ಮೇಲೆಯೇ ನೀರು ಹಾಕಿ.